ಮೊದಲ ಮನೆ, ಮೊದಲ ಹೋಮ್ ಲೋನ್: ಕೈಯಲ್ಲಿ 14 ಲಕ್ಷ ಇದೆ, 62 ಲಕ್ಷದ ಫ್ಲ್ಯಾಟ್ ಆಗುತ್ತಾ?

ಅರಸೀಕೆರೆ_ಪ್ಯಾಸೆಂಜರ್ | 12 ಅಕ್ಟೋಬರ್ 2025, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಇವತ್ತು ನನ್ನದೇ ಪ್ರಶ್ನೆ ಬಂದಿದೆ.

ನನಗೆ 31 ವರ್ಷ. ಬೆಂಗಳೂರಿನಲ್ಲಿ ಖಾಸಗಿ ಕಂಪನಿ ಕೆಲಸ, ಕೈಗೆ 78,000 ಬರುತ್ತದೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಅವಳಿಗೆ 34,000. ವಿಜಯನಗರದಲ್ಲಿ ಬಾಡಿಗೆ ಮನೆ, 22,000. ಮದುವೆಗೆ ಅಂತ ತೆಗೆದ ಪರ್ಸನಲ್ ಲೋನ್ ಇನ್ನೂ 1.6 ಲಕ್ಷ ಬಾಕಿ ಇದೆ, ಅದಕ್ಕೆ ತಿಂಗಳಿಗೆ 9,500 ಹೋಗುತ್ತದೆ. ಉಳಿತಾಯ ಎಲ್ಲ ಸೇರಿ 14 ಲಕ್ಷ.

ರಾಜರಾಜೇಶ್ವರಿ ನಗರದ ಆಚೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ನೋಡಿದೆವು. ನಾಲ್ಕು ಮಹಡಿ, ಒಟ್ಟು 12 ಮನೆ. ಬೆಲೆ 62 ಲಕ್ಷ. "80 ಪರ್ಸೆಂಟ್ ಲೋನ್ ಮಾಡಿಸಿಕೊಡ್ತೀನಿ ಸರ್, ನೀವು 12 ಲಕ್ಷ ಇಟ್ಕೊಂಡ್ರೆ ಸಾಕು" ಅಂತ ಬ್ರೋಕರ್ ಹೇಳುತ್ತಿದ್ದಾರೆ. ನಾಳೆಯೇ 2 ಲಕ್ಷ ಟೋಕನ್ ಕೊಡಬೇಕಂತೆ, ಇಲ್ಲದಿದ್ದರೆ ಇನ್ನೊಂದು ಪಾರ್ಟಿ ಕಾಯುತ್ತಿದೆಯಂತೆ. ಮನೆಯಾಕೆ ಆಗಲೇ ಕರ್ಟನ್ ಬಣ್ಣ ಆರಿಸಿಟ್ಟಿದ್ದಾಳೆ. ಅಪ್ಪ ಊರಿನಿಂದ ಫೋನ್ ಮಾಡಿ, ಸಾಲ ಅಂದರೆ ಶೂಲ ಅನ್ನುತ್ತಾರೆ. ಏನು ಮಾಡಲಿ?

ನಿವೃತ್ತ_ಪಾಸ್‌ಬುಕ್ | 12 ಅಕ್ಟೋಬರ್, ರಾತ್ರಿ 10:15

ಮೊದಲು ಟೋಕನ್ ನಿಲ್ಲಿಸಿ. ಆ ಇನ್ನೊಂದು ಪಾರ್ಟಿಯನ್ನು ನಾನು 34 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದರೂ ಒಮ್ಮೆಯೂ ಕಣ್ಣಾರೆ ಕಂಡಿಲ್ಲ.

ಈಗ ಲೆಕ್ಕ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90ರವರೆಗೆ ಕೊಡಬಹುದು. 30ರಿಂದ 75 ಲಕ್ಷದ ಸಾಲಕ್ಕೆ ಶೇ. 80, ಅದರ ಮೇಲೆ ಶೇ. 75. ಹಾಗಾಗಿ ನಿಮಗೆ ಹೆಚ್ಚೆಂದರೆ 49.6 ಲಕ್ಷ. ಉಳಿದ 12.4 ಲಕ್ಷ ನಿಮ್ಮದು. ಬ್ರೋಕರ್ ಇಲ್ಲಿಯವರೆಗೆ ಸರಿಯಾಗಿಯೇ ಹೇಳಿದ್ದಾರೆ.

ಅವರು ಹೇಳದೆ ಬಿಟ್ಟದ್ದು ರಿಜಿಸ್ಟ್ರೇಷನ್. ಮನೆ ಬೆಲೆಗೆ ಇದನ್ನು ಸೇರಿಸಿ ಬ್ಯಾಂಕು ಸಾಲ ಕೊಡುವುದಿಲ್ಲ. ನಮ್ಮ ರಾಜ್ಯದಲ್ಲಿ 45 ಲಕ್ಷ ದಾಟಿದ ಮನೆಗೆ ಸ್ಟ್ಯಾಂಪ್ ಡ್ಯೂಟಿ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, ಈ ಆಗಸ್ಟ್ 31ರಿಂದ ಶೇ. 2 ಆಗಿದೆ. ನಗರದಲ್ಲಿ ಎಲ್ಲ ಸೇರಿ ಶೇ. 7.6. ನಿಮ್ಮ 62 ಲಕ್ಷಕ್ಕೆ 4 ಲಕ್ಷ 71 ಸಾವಿರ ಆಯಿತು. ಬ್ರೋಕರ್‌ಗೆ ಶೇ. 1 ಅಂದರೆ 62,000. ಬ್ಯಾಂಕಿನ ಪ್ರೊಸೆಸಿಂಗ್ ಫೀ, ಲೀಗಲ್ ಫೀ, ಎಂಒಡಿ (ಮನೆ ಪತ್ರ ಅಡವಿಡುವ ದಾಖಲೆ) ಖರ್ಚು ಬೇರೆ. 18 ಲಕ್ಷ ಆರಾಮಾಗಿ ದಾಟುತ್ತದೆ. ನಿಮ್ಮ ಹತ್ತಿರ 14 ಇದೆ.

ಇನ್ನೊಂದು ಮಾತು. ಬ್ಯಾಂಕು ಇಬ್ಬರನ್ನು ನೋಡುತ್ತದೆ, ನಿಮ್ಮನ್ನೂ ಮನೆಯನ್ನೂ. ನಿಮ್ಮ ಸಂಬಳ, ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ಚೆನ್ನಾಗಿದ್ದರೆ ನೀವು ಪಾಸು. ಆ ಮನೆ ಪಾಸಾಗುತ್ತಾ ಅನ್ನುವುದು ಕಾಗದದಲ್ಲಿದೆ. ಎ ಖಾತಾನಾ (ನಿಯಮದ ಪ್ರಕಾರ ಇರುವ ಆಸ್ತಿ), ಬಿ ಖಾತಾನಾ (ಅನುಮೋದನೆಯಲ್ಲಿ ಕೊರತೆ ಇರುವ ಆಸ್ತಿ)? ಒಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ, ಇದೆಯಾ? ನಾಳೆ ಬ್ರೋಕರ್‌ಗೆ ಇವೆರಡನ್ನು ಮಾತ್ರ ಕೇಳಿ, ಬೇರೇನೂ ಬೇಡ.

ಬಾಡಿಗೆ_ಬಾಳು | 12 ಅಕ್ಟೋಬರ್, ರಾತ್ರಿ 11:02

ಗುರು, 22,000 ಬಾಡಿಗೆ ಕೊಡೋನು 41,000 ಇಎಂಐ ಯಾಕೆ ಕಟ್ಟಬೇಕು? ಮೇಲೆ ಮೇಂಟೆನೆನ್ಸು, ಆಸ್ತಿ ತೆರಿಗೆ. ಇಪ್ಪತ್ತು ವರ್ಷ ಕೆಲಸ ಬಿಡೋ ಹಾಗಿಲ್ಲ, ಮ್ಯಾನೇಜರ್ ಬೈದರೂ ನಗಬೇಕು. ಬಾಡಿಗೆ ಮನೆಯಲ್ಲೇ ಇದ್ದು ಉಳಿದ ದುಡ್ಡನ್ನು ಮ್ಯೂಚುವಲ್ ಫಂಡ್‌ಗೆ ಹಾಕಿ. ಇಲ್ಲ ಅಂದರೆ ಆ 14 ಲಕ್ಷಕ್ಕೆ ಲೀಸ್‌ಗೆ ಒಂದು ಮನೆ ಹಿಡಿಯಿರಿ, ಬಾಡಿಗೆಯೇ ಇಲ್ಲ.

ಚಾಮುಂಡಿ_ಮೆಟ್ಟಿಲು | 13 ಅಕ್ಟೋಬರ್, ಬೆಳಿಗ್ಗೆ 7:20

ಉಳಿದ ದುಡ್ಡನ್ನು ಫಂಡಿಗೆ ಹಾಕುತ್ತೇನೆ ಅಂದವರು ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಎರಡು ವರ್ಷಕ್ಕೆ ಒಂದು ಕಾರು ಬಂತು, ಫಂಡು ಬರಲಿಲ್ಲ :)

ತಮಾಷೆ ಪಕ್ಕಕ್ಕಿಡಿ. ಬಾಡಿಗೆಯಲ್ಲಿ ಇರುವುದು ತಪ್ಪಲ್ಲ. ಆದರೆ ಲೀಸ್ ವಿಷಯದಲ್ಲಿ ಹುಷಾರು. ನನ್ನ ಅಕ್ಕ 11 ಲಕ್ಷ ಕೊಟ್ಟು ಲೀಸ್‌ಗೆ ಇದ್ದಳು. ಮಾಲೀಕರು ಅದೇ ಮನೆ ಮೇಲೆ ಸಾಲ ಮಾಡಿ ಕಟ್ಟದೆ ಬಿಟ್ಟಿದ್ದರು. ಒಂದು ದಿನ ಬ್ಯಾಂಕಿನವರು ಗೋಡೆಗೆ ನೋಟಿಸ್ ಅಂಟಿಸಿ ಹೋದರು. ಕರಾರು ಬರೀ ಸ್ಟ್ಯಾಂಪ್ ಪೇಪರ್ ಮೇಲೆ ಇತ್ತು, ನೋಂದಣಿ ಮಾಡಿಸಿರಲಿಲ್ಲ. ದುಡ್ಡು ವಾಪಸ್ ಬರಲು ಮೂರು ವರ್ಷ ಅಲೆದಾಡಿದಳು, ಪೂರ್ತಿ ಬರಲೂ ಇಲ್ಲ.

ಅರಸೀಕೆರೆ_ಪ್ಯಾಸೆಂಜರ್ | 13 ಅಕ್ಟೋಬರ್, ಸಂಜೆ 6:55

ಪಾಸ್‌ಬುಕ್ ಸರ್, ಕೇಳಿದೆ. ಬಿ ಖಾತಾ ಅಂತೆ. ಒಸಿ ಬಗ್ಗೆ ಕೇಳಿದರೆ, "ಈ ಏರಿಯಾದಲ್ಲಿ ಯಾರ ಹತ್ತಿರ ಇದೆ ಸರ್ ಒಸಿ?" ಅಂದರು. ಪ್ಲ್ಯಾನ್ ಕಾಪಿ ವಾಟ್ಸಾಪ್ ಮಾಡಿದ್ದಾರೆ, ಅದರಲ್ಲಿ ನೆಲಮಹಡಿ ಮತ್ತೆ ಎರಡು ಮಹಡಿ ಮಾತ್ರ ಇದೆ. ನಾನು ನೋಡಿದ ಫ್ಲ್ಯಾಟ್ ಮೂರನೇ ಮಹಡಿಯಲ್ಲಿದೆ!

ಒಂದು ಫೈನಾನ್ಸ್ ಕಂಪನಿ ಶೇ. 10.5ಕ್ಕೆ ಸಾಲ ಕೊಡುತ್ತಂತೆ. ಕಡಿಮೆ ಬೀಳುವ 4 ಲಕ್ಷಕ್ಕೆ ಪರ್ಸನಲ್ ಲೋನ್ ಕೂಡ ಅವರೇ ಮಾಡಿಸುತ್ತಾರಂತೆ.

ಕಡತ_ಕಂಡವರು | 13 ಅಕ್ಟೋಬರ್, ರಾತ್ರಿ 8:30

ಅಂದರೆ ಕಾಗದದ ಪ್ರಕಾರ ನೀವು ಗಾಳಿಯಲ್ಲಿ ಮನೆ ಕೊಳ್ಳುತ್ತಿದ್ದೀರಿ.

ನಾನು ವಕೀಲರೊಬ್ಬರ ಆಫೀಸಿನಲ್ಲಿ ಬ್ಯಾಂಕುಗಳಿಗೆ ಲೀಗಲ್ ಒಪಿನಿಯನ್ ತಯಾರಿಸುವ ಕೆಲಸ ಮಾಡುತ್ತೇನೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕಟ್ಟಡವನ್ನು ಆಧಾರವಾಗಿ ಇಟ್ಟುಕೊಂಡು ಸಾಲ ಕೊಡುವ ಮೊದಲು ಬ್ಯಾಂಕುಗಳು ಒಸಿ ಅಥವಾ ಸಿಸಿ (ಕಟ್ಟಡ ಪೂರ್ತಿಯಾದ ಪತ್ರ) ನೋಡಬೇಕು, ಕರೆಂಟು ನೀರಿನ ಸಂಪರ್ಕವೂ ಅದನ್ನು ನೋಡಿಯೇ ಕೊಡಬೇಕು ಅಂತ. ಅದಾದ ಮೇಲೆ ನಮ್ಮಲ್ಲಿ ಎಷ್ಟು ಜನ ಹೊಸ ಮನೆಗೆ ಮೀಟರ್ ಸಿಗದೆ ಪರದಾಡಿದರು ನೋಡಿದ್ದೀರಲ್ವಾ? ಬೆಂಗಳೂರಿನಲ್ಲಿ ಈಗ ಇ-ಖಾತಾ (ಡಿಜಿಟಲ್ ಖಾತಾ) ಇಲ್ಲದೆ ರಿಜಿಸ್ಟ್ರೇಷನ್ ಕೂಡ ಆಗುವುದಿಲ್ಲ. ಬಿ ಖಾತಾಗೂ ಇ-ಖಾತಾ ಕೊಡುತ್ತಾರೆ, ಆದರೆ ಅದರ ಮೇಲೂ "ಬಿ" ಅಂತಲೇ ಇರುತ್ತದೆ. ಇ-ಖಾತಾ ಇದೆ ಅಂದ ತಕ್ಷಣ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ.

ಶೇ. 10.5 ಅಂದಾಗಲೇ ಅರ್ಥವಾಗಬೇಕು. ಆ ಕಂಪನಿಗೂ ಈ ಮನೆಯ ಮೇಲೆ ನಂಬಿಕೆ ಇಲ್ಲ, ಅದರ ಬೆಲೆಯನ್ನು ನಿಮ್ಮ ಹತ್ತಿರ ವಸೂಲಿ ಮಾಡುತ್ತಿದೆ. ಮುಂದೆ ನೀವು ಮಾರಲು ಹೋದಾಗ ಕೊಳ್ಳುವವರೂ ಇದೇ ಪ್ರಶ್ನೆ ಕೇಳುತ್ತಾರೆ.

ಬೇರೆ ಮನೆ ನೋಡುವಾಗ ಮೂಲ ಪತ್ರದಿಂದ ಇವತ್ತಿನವರೆಗೆ ಕೊಂಡಿ ಎಲ್ಲೂ ಕಡಿಯಬಾರದು. ಬ್ಯಾಂಕುಗಳು ಸಾಮಾನ್ಯವಾಗಿ 30 ವರ್ಷದ ಇಸಿ (ಋಣಭಾರ ಪತ್ರ) ಕೇಳುತ್ತವೆ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಆದರೆ ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಅಣ್ಣತಮ್ಮಂದಿರ ಜಗಳ ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ವಂಶವೃಕ್ಷ ಕೇಳುವುದು. ಹೆಣ್ಣುಮಕ್ಕಳ ಸಹಿ ಬಿಟ್ಟುಹೋದ ವಿಭಾಗ ಪತ್ರಗಳೇ ನನ್ನ ಮೇಜಿನ ಮೇಲೆ ಅರ್ಧ ಇವೆ.

ನಗರದ ಅಂಚಿನಲ್ಲಿ ಇನ್ನೊಂದು ಗುಂಡಿ ಇದೆ. ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟಕ್ಕೆ ಬೆಲೆ ಇಲ್ಲ, ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ಅದು ಆ ಜನರ ಜಮೀನನ್ನು ಕಾಪಾಡಲು ಬಂದ ಕಾನೂನು, ಸರಿಯಾದದ್ದೇ. ನೋಡದೆ ಕೊಂಡವರು ಮಾತ್ರ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಹುಬ್ಬಳ್ಳಿ_ಮಿರ್ಚಿ | 14 ಅಕ್ಟೋಬರ್, ಮಧ್ಯಾಹ್ನ 1:10

ನಮ್ಮ ಕಡೆಯದೂ ಒಂದು ಮಾತು ಹೇಳುತ್ತೇನೆ ನೋಡ್ರಿ. ನನ್ನದು ಹಾರ್ಡ್‌ವೇರ್ ಅಂಗಡಿ. ದಿನಕ್ಕೆ ಲಕ್ಷ ರೂಪಾಯಿ ವ್ಯಾಪಾರ ಇದೆ ಅಂತ ಎದೆ ಉಬ್ಬಿಸಿಕೊಂಡು ಬ್ಯಾಂಕಿಗೆ ಹೋದೆ. ಮೂರು ವರ್ಷದ ರಿಟರ್ನ್ಸ್ ಕೇಳಿದರು. ತೆರಿಗೆ ಉಳಿಸಬೇಕು ಅಂತ ನಮ್ಮ ಆಡಿಟರ್ ಲಾಭ 4.8 ಲಕ್ಷ ತೋರಿಸಿದ್ದರು. "ನಿಮ್ಮ ಆದಾಯ ಇಷ್ಟೇ ಅಲ್ವಾ, ಇದಕ್ಕೆ ತಕ್ಕ ಸಾಲ ಕೊಡುತ್ತೇವೆ" ಅಂದರು. ಏನು ಉತ್ತರ ಕೊಡಲಿ? ಎರಡು ವರ್ಷ ಸರಿಯಾದ ಲಾಭ ತೋರಿಸಿ, ತೆರಿಗೆ ಕಟ್ಟಿ, ಆಮೇಲೆ ಮನೆ ಕಟ್ಟಿಸಿದೆ. ಅಂಗಡಿ ಇಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ ಮನೆ ಆಸೆ ಹುಟ್ಟಿದ ದಿನದಿಂದಲೇ ರಿಟರ್ನ್ಸ್ ಕಡೆ ಲಕ್ಷ್ಯ ಕೊಡ್ರಿ.

ಬೆಣ್ಣೆ_ದೋಸೆ | 14 ಅಕ್ಟೋಬರ್, ಸಂಜೆ 5:45

ಮೊದಲ ಮನೆಗೆ ಕೇಂದ್ರದ ಸಬ್ಸಿಡಿ ಇದೆಯಲ್ಲ, ಯಾರೂ ಹೇಳಲಿಲ್ಲ?

ನಿವೃತ್ತ_ಪಾಸ್‌ಬುಕ್ | 14 ಅಕ್ಟೋಬರ್, ಸಂಜೆ 6:30

ಇದೆ, ಆದರೆ ಇವರಿಗೆ ಸಿಗುವುದಿಲ್ಲ. ಪಿಎಂ ಆವಾಸ್ ನಗರ ಯೋಜನೆಯ ಎರಡನೇ ಹಂತದಲ್ಲಿ ಬಡ್ಡಿ ಸಬ್ಸಿಡಿ ಸಿಗಬೇಕಾದರೆ ಕುಟುಂಬದ ವರ್ಷದ ಆದಾಯ 9 ಲಕ್ಷದೊಳಗಿರಬೇಕು. ಮನೆ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಮೊದಲ 8 ಲಕ್ಷಕ್ಕೆ ಶೇ. 4 ಸಬ್ಸಿಡಿ, ಹೆಚ್ಚೆಂದರೆ 1.8 ಲಕ್ಷ, ಅದೂ ಐದು ವಾರ್ಷಿಕ ಕಂತಿನಲ್ಲಿ. ದಾವಣಗೆರೆ, ಹಾಸನದಂಥ ಊರಲ್ಲಿ ಮನೆ ಕೊಳ್ಳುವವರು ಖಂಡಿತ ವಿಚಾರಿಸಿ. ಬೆಂಗಳೂರಿನಲ್ಲಿ 35 ಲಕ್ಷಕ್ಕೆ ಮನೆ ಹುಡುಕುವಷ್ಟರಲ್ಲಿ ಯೋಜನೆಯೇ ಮುಗಿದಿರುತ್ತದೆ.

ಅರಸೀಕೆರೆ_ಪ್ಯಾಸೆಂಜರ್ | 15 ಅಕ್ಟೋಬರ್, ರಾತ್ರಿ 10:05

ಆ ಫ್ಲ್ಯಾಟ್ ಬೇಡ ಅಂತ ಹೇಳಿಬಿಟ್ಟೆ. ಬ್ರೋಕರ್ ಈಗ ಫೋನ್ ಎತ್ತುತ್ತಿಲ್ಲ. ಮನೆಯಲ್ಲಿ ಎರಡು ದಿನ ಮಾತಿಲ್ಲ ಕಥೆಯಿಲ್ಲ.

ಬೇರೆ ಮನೆ ಸಿಗುವುದರೊಳಗೆ ನಮ್ಮ ಕಡೆಯಿಂದ ಏನು ತಯಾರಿ ಮಾಡಿಕೊಳ್ಳಬೇಕು? ತೆರಿಗೆ ಉಳಿಯುತ್ತೆ, ಅದಕ್ಕಾದರೂ ಸಾಲ ಜಾಸ್ತಿ ತೆಗೆದುಕೋ ಅಂತ ಆಫೀಸಿನಲ್ಲಿ ಹೇಳುತ್ತಾರೆ. ನಿಜವಾ?

ನಿವೃತ್ತ_ಪಾಸ್‌ಬುಕ್ | 16 ಅಕ್ಟೋಬರ್, ಬೆಳಿಗ್ಗೆ 6:50

ತೆರಿಗೆಯ ಮಾತು ಹಳೆಯದಾಯಿತು. ಬಡ್ಡಿಗೆ 2 ಲಕ್ಷ, ಅಸಲಿಗೆ 80ಸಿ ಅಡಿ 1.5 ಲಕ್ಷ ವಿನಾಯಿತಿ ಇರುವುದು ಹಳೆಯ ಪದ್ಧತಿಯಲ್ಲಿ. ಹೊಸ ಪದ್ಧತಿಯಲ್ಲಿ ನಾವೇ ವಾಸ ಮಾಡುವ ಮನೆಗೆ ಎರಡೂ ಇಲ್ಲ. ಈ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಬೀಳುವುದಿಲ್ಲ, ಸಂಬಳದವರಿಗೆ 12.75 ಲಕ್ಷ. ನಿಮ್ಮ ಸಂಬಳಕ್ಕೆ ಹೆಚ್ಚುಕಡಿಮೆ ಸೊನ್ನೆ. ಉಳಿಸಲು ಇರುವುದಾದರೂ ಏನು?

ಮೊದಲು ಆ ಪರ್ಸನಲ್ ಲೋನ್ ಮುಗಿಸಿ. ಸಾಮಾನ್ಯವಾಗಿ ಬ್ಯಾಂಕುಗಳು ಕೈಗೆ ಬರುವ ಸಂಬಳದ ಅರ್ಧದಷ್ಟು ಎಲ್ಲ ಕಂತುಗಳಿಗೆ ಹೋಗಬಹುದು ಅಂತ ಲೆಕ್ಕ ಹಾಕುತ್ತವೆ. ನಿಮ್ಮಿಬ್ಬರದು 1,12,000, ಅರ್ಧ 56,000. ಅದರಲ್ಲಿ 9,500 ಆಗಲೇ ಹೋಗಿದೆ. ಇದು ಬ್ಯಾಂಕಿನ ಲೆಕ್ಕ. ನಿಮ್ಮ ಲೆಕ್ಕ ಬೇರೆ ಇರಬೇಕು. ಹೆಂಡತಿಯ ಸಂಬಳ ಒಂದು ವರ್ಷ ನಿಂತರೂ, ನಾಳೆ ಮಗು ಅಂತಾದರೂ, ಕಂತು ಕಟ್ಟಲು ಆಗಬೇಕು. ಹಾಗೆ ನೋಡಿದರೆ 35,000 ದಾಟಬೇಡಿ ಅನ್ನುತ್ತೇನೆ.

50 ಲಕ್ಷ ಸಾಲ, 20 ವರ್ಷ, ಶೇ. 8 ಅಂದರೆ ಕಂತು 41,822. ಮೊದಲ ತಿಂಗಳ ಕಂತಿನಲ್ಲಿ 33,333 ಬಡ್ಡಿಗೆ ಹೋಗುತ್ತದೆ, ಅಸಲು ತೀರುವುದು 8,489 ಮಾತ್ರ. ಪೂರ್ತಿ ಮುಗಿಸುವಷ್ಟರಲ್ಲಿ ಒಂದು ಕೋಟಿ ಕಟ್ಟಿರುತ್ತೀರಿ. ನಿಮ್ಮ ತಂದೆ ಶೂಲ ಅಂದದ್ದು ಸುಮ್ನೆ ಅಲ್ಲ. ಆದರೆ ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟಿದರೂ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚೆಯೇ ಸಾಲ ತೀರುತ್ತದೆ. ಬೋನಸ್ ಬಂದಾಗ ಕಟ್ಟಿ. ಫ್ಲೋಟಿಂಗ್ (ಏರಿಳಿಯುವ) ದರದ ಹೋಮ್ ಲೋನ್ ಮುಂಚಿತವಾಗಿ ತೀರಿಸಿದರೆ ದಂಡ ಹಾಕುವ ಹಾಗಿಲ್ಲ.

ಚಾಮುಂಡಿ_ಮೆಟ್ಟಿಲು | 16 ಅಕ್ಟೋಬರ್, ಬೆಳಿಗ್ಗೆ 9:15

ಇಬ್ಬರ ಸಿಬಿಲ್ ರಿಪೋರ್ಟನ್ನೂ ಈಗಲೇ ತೆಗೆದು ನೋಡಿ. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ. ನಮ್ಮದು ಏನಾಯಿತು ಅಂದರೆ, ಯಜಮಾನರ ಸ್ಕೋರ್ 780, ನನ್ನದು 640! ಮಾಲ್‌ನಲ್ಲಿ ಯಾರೋ ಹುಡುಗ ಬೇಡಿಕೊಂಡ ಅಂತ ಕ್ರೆಡಿಟ್ ಕಾರ್ಡಿಗೆ ಸಹಿ ಹಾಕಿದ್ದೆ. ಒಮ್ಮೆಯೂ ಉಜ್ಜಿಲ್ಲ. ಅದರ ವಾರ್ಷಿಕ ಶುಲ್ಕ 590 ರೂಪಾಯಿ ಬಾಕಿ ಅಂತ ಬೆಳೆಯುತ್ತಾ ಕೂತಿತ್ತು. ಕಟ್ಟಿ, ಕಾರ್ಡು ಮುಚ್ಚಿಸಿ, ಸ್ಕೋರ್ ಏರುವಷ್ಟರಲ್ಲಿ ಏಳು ತಿಂಗಳು. ಅಷ್ಟರಲ್ಲಿ ನೋಡಿದ್ದ ಮನೆ ಕೈತಪ್ಪಿ ಹೋಯಿತು.

ಇನ್ನೊಂದು, ಹೆಂಡತಿಯನ್ನು ಮೊದಲ ಅರ್ಜಿದಾರರನ್ನಾಗಿ ಮಾಡಿದರೆ ಕೆಲವು ಬ್ಯಾಂಕುಗಳು ಶೇ. 0.05 ಕಡಿಮೆ ಮಾಡುತ್ತವೆ. ಕರ್ಟನ್‌ಗಾದರೂ ಆದೀತು.

ರೆಪೋ_ಬಲಿ | 17 ಅಕ್ಟೋಬರ್, ರಾತ್ರಿ 9:30

ಬಡ್ಡಿ ಈಗ ಇಳಿದಿದೆ ಅಂತ ಕುಣಿಯುವವರಿಗೆ ನನ್ನ ಕಥೆ ಹೇಳುತ್ತೇನೆ.

2021ರಲ್ಲಿ 40 ಲಕ್ಷ ತೆಗೆದುಕೊಂಡೆ. ಶೇ. 6.75, 20 ವರ್ಷ, ಕಂತು 30,414. ಲಾಟರಿ ಹೊಡೆದ ಹಾಗೆ ಅನ್ನಿಸಿತ್ತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಹೋಮ್ ಲೋನ್‌ಗಳೆಲ್ಲ ರೆಪೋದಂಥ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ತಳುಕು ಹಾಕಿಕೊಂಡಿವೆ. 2022ರ ಮೇ ತಿಂಗಳ ಆರಂಭದಲ್ಲಿ ರೆಪೋ ಶೇ. 4 ಇತ್ತು, 2023ರ ಫೆಬ್ರವರಿ ಹೊತ್ತಿಗೆ 6.5. ನನ್ನ ದರ 9.25ಕ್ಕೆ ಹೋಯಿತು. ಕಂತು ಮಾತ್ರ ಅಷ್ಟೇ ಇತ್ತು! ನಾನು ಖುಷಿಯಾಗಿದ್ದೆ. ಆಮೇಲೆ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ, 30 ಸಾವಿರದಲ್ಲಿ ಅಸಲಿಗೆ ಒಂದು ಸಾವಿರವೂ ಹೋಗುತ್ತಿರಲಿಲ್ಲ. ಬ್ಯಾಂಕಿನವರು ಕೇಳದೆ ಹೇಳದೆ ಅವಧಿ ಎಳೆದಿದ್ದರು. ಸಾಲ ಮುಗಿಯುವಾಗ ನನಗೆ 70 ದಾಟಿರುತ್ತಿತ್ತು.

2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ನಿಯಮ ತಂದಿತು. ದರ ಬದಲಾದಾಗ ಕಂತು ಏರಿಸಬೇಕಾ, ಅವಧಿ ಎಳೆಯಬೇಕಾ ಅಂತ ನಮ್ಮನ್ನು ಕೇಳಬೇಕು. ನಾನು ಹೋಗಿ ಕಂತು ಏರಿಸಿಕೊಂಡೆ.

ಈ ವರ್ಷ ರೆಪೋ 6.5ರಿಂದ 5.5ಕ್ಕೆ ಬಂದಿದೆ, ನಿಜ. ಇಳಿದಾಗ ಕಂತು ಇಳಿಸಿಕೊಳ್ಳಬೇಡಿ. ಅಷ್ಟೇ ಕಟ್ಟುತ್ತಾ ಹೋಗಿ, ಅವಧಿ ತಾನಾಗಿ ಕಡಿಮೆಯಾಗುತ್ತದೆ. ರೆಪೋ ಮೇಲೆ ಬ್ಯಾಂಕು ಎಷ್ಟು ಸ್ಪ್ರೆಡ್ (ಹೆಚ್ಚುವರಿ ಬಡ್ಡಿ) ಹಾಕಿದೆ ಅನ್ನುವುದನ್ನೂ ಕೇಳಿ. ರೆಪೋ ಎಲ್ಲರಿಗೂ ಒಂದೇ, ಬ್ಯಾಂಕುಗಳ ನಡುವೆ ಚೌಕಾಸಿ ಮಾಡಲು ಇರುವುದು ಆ ಸ್ಪ್ರೆಡ್ ಮಾತ್ರ.

ಬಾಡಿಗೆ_ಬಾಳು | 17 ಅಕ್ಟೋಬರ್, ರಾತ್ರಿ 9:52

ನಾನು ಏನೂ ಹೇಳಲ್ಲಪ್ಪ. ಪಾಪ್‌ಕಾರ್ನ್ ತಿನ್ನುತ್ತಾ ಓದುತ್ತಿದ್ದೇನೆ.

ಬೆಣ್ಣೆ_ದೋಸೆ | 19 ಅಕ್ಟೋಬರ್, ಬೆಳಿಗ್ಗೆ 10:20

ಹೊಸದಾಗಿ ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ನೋಡಬಾರದಾ? ಪೊಸೆಷನ್ ತನಕ ಇಎಂಐ ಇಲ್ಲ ಅಂತ ಬೋರ್ಡು ಹಾಕಿರುತ್ತಾರೆ.

ಕಡತ_ಕಂಡವರು | 19 ಅಕ್ಟೋಬರ್, ಮಧ್ಯಾಹ್ನ 12:40

ಆ ಬೋರ್ಡಿನ ಸಣ್ಣ ಅಕ್ಷರ ಓದಿ. ಇಎಂಐ ಇಲ್ಲ ಅಂದರೆ ಆ ಬಡ್ಡಿಯನ್ನು ಬಿಲ್ಡರ್ ಕಟ್ಟುತ್ತೇನೆ ಅನ್ನುತ್ತಾನೆ. ಅವನು ಕಟ್ಟದಿದ್ದರೆ? ಸಾಲ ನಿಮ್ಮ ಹೆಸರಲ್ಲಿ, ಸಿಬಿಲ್ ಕೆಡುವುದು ನಿಮ್ಮದು. ನಿಮ್ಮದು ಮಾಮೂಲಿ ಸಾಲವಾದರೆ ಬ್ಯಾಂಕು ಹಂತ ಹಂತವಾಗಿ ದುಡ್ಡು ಬಿಡುತ್ತದೆ, ಬಿಟ್ಟ ದುಡ್ಡಿಗೆ ಪ್ರೀ-ಇಎಂಐ ಅಂತ ಬಡ್ಡಿ ಕಟ್ಟುತ್ತೀರಿ, ಜೊತೆಗೆ ಬಾಡಿಗೆಯೂ ನಡೆಯುತ್ತಿರುತ್ತದೆ. ಮೇಲೆ ಶೇ. 5 ಜಿಎಸ್‌ಟಿ. ಒಸಿ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ.

ತೆಗೆದುಕೊಳ್ಳುವುದೇ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಹಾಕಿ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೋಡಿ, ಮುಗಿಸುವ ದಿನಾಂಕ ಎಷ್ಟು ಸಲ ಮುಂದೆ ಹೋಗಿದೆ ಅಂತ ಗೊತ್ತಾಗುತ್ತದೆ. ಕರಾರು ನೋಂದಣಿ ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವ ಹಾಗಿಲ್ಲ.

ಅರಸೀಕೆರೆ_ಪ್ಯಾಸೆಂಜರ್ | 30 ನವೆಂಬರ್ 2025, ರಾತ್ರಿ 8:15

ಒಂದೂವರೆ ತಿಂಗಳಾದ ಮೇಲೆ ಬಂದಿದ್ದೇನೆ. ಈ ಮಧ್ಯೆ 17 ಮನೆ ನೋಡಿದೆವು. ಪಿಎಫ್‌ನಿಂದ 2.5 ಲಕ್ಷ ತೆಗೆದೆ, ಪರ್ಸನಲ್ ಲೋನ್ ಮುಗಿಸಿದೆ.

ಕೆಂಗೇರಿ ಉಪನಗರದಲ್ಲಿ ಒಂದು ಮನೆ ಇಷ್ಟವಾಗಿದೆ. 2014ರ ಕಟ್ಟಡ, 1,050 ಚದರಡಿ, 54 ಲಕ್ಷ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿದೆ, ಬ್ರೋಕರ್ ಇಲ್ಲ. ಎ ಖಾತಾ, ಇ-ಖಾತಾ ಆಗಿದೆ, ಒಸಿ ಇದೆ (ಈ ಸಲ ಮನೆಯೊಳಗೆ ಕಾಲಿಡುವ ಮೊದಲೇ ಕೇಳಿದೆ). ಒಂದೇ ತೊಡಕು. ಮಾಲೀಕರದ್ದೇ ಸಾಲ 18 ಲಕ್ಷ ಬಾಕಿ ಇದೆ, ಮೂಲ ಪತ್ರಗಳೆಲ್ಲ ಅವರ ಬ್ಯಾಂಕಿನಲ್ಲಿವೆ. "ನೀವು 18 ಲಕ್ಷ ಕೊಡಿ, ನಾವು ಕಟ್ಟಿ ಪತ್ರ ಬಿಡಿಸಿಕೊಂಡು ಬರುತ್ತೇವೆ" ಅನ್ನುತ್ತಾರೆ. ಒಳ್ಳೆಯ ಜನ, ಕಾಫಿ ಕೊಟ್ಟರು.

ನಿವೃತ್ತ_ಪಾಸ್‌ಬುಕ್ | 30 ನವೆಂಬರ್, ರಾತ್ರಿ 8:50

ಕಾಫಿ ಕುಡಿಯಿರಿ, 18 ಲಕ್ಷ ಕೊಡಬೇಡಿ.

ಇದು ದಿನಾ ನಡೆಯುವ ವ್ಯವಹಾರ, ಹೆದರುವಂಥದ್ದಲ್ಲ. ಅವರ ಬ್ಯಾಂಕಿನಿಂದ ಎರಡು ಕಾಗದ ತರಿಸಿ. ಒಂದು, ಇಷ್ಟು ಕಟ್ಟಿದರೆ ಸಾಲ ತೀರುತ್ತದೆ ಅನ್ನುವ ಫೋರ್‌ಕ್ಲೋಷರ್ ಲೆಟರ್. ಇನ್ನೊಂದು, ತಮ್ಮ ಹತ್ತಿರ ಯಾವ್ಯಾವ ಮೂಲ ಪತ್ರ ಇವೆ ಅನ್ನುವ ಪಟ್ಟಿ, ಅದಕ್ಕೆ ಎಲ್ಒಡಿ ಅನ್ನುತ್ತಾರೆ. ಇವೆರಡನ್ನೂ ಪತ್ರಗಳ ಜೆರಾಕ್ಸನ್ನೂ ನಿಮ್ಮ ಬ್ಯಾಂಕಿಗೆ ಕೊಡಿ. ಲೀಗಲ್ ಒಪ್ಪಿಗೆಯಾದ ಮೇಲೆ ನಿಮ್ಮ ಬ್ಯಾಂಕು ಆ 18 ಲಕ್ಷವನ್ನು ನೇರವಾಗಿ ಅವರ ಸಾಲದ ಖಾತೆಗೇ ಕಟ್ಟುತ್ತದೆ. ಪತ್ರಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬರುತ್ತವೆ. ಉಳಿದದ್ದು ರಿಜಿಸ್ಟ್ರೇಷನ್ ದಿನ ಮಾಲೀಕರಿಗೆ.

ಸಾಲ ತೀರಿದ ಮೇಲೆ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ಕೊಡಲೇಬೇಕು, ತಡ ಮಾಡಿದರೆ ದಿನಕ್ಕೆ 5,000 ಕೊಡಬೇಕು. 2023ರ ಡಿಸೆಂಬರ್‌ನಿಂದ ಬಂದಿರುವ ನಿಯಮ. ಇಪ್ಪತ್ತು ವರ್ಷ ಬಿಟ್ಟು ನಿಮಗೂ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಕಡತ_ಕಂಡವರು | 30 ನವೆಂಬರ್, ರಾತ್ರಿ 9:30

ಕರಾರು ಪತ್ರದಲ್ಲಿ ಒಂದು ಸಾಲು ಮರೆಯದೆ ಹಾಕಿಸಿ. ದಾಖಲೆಯಲ್ಲಿ ದೋಷ ಇದೆ ಅಂತ ಬ್ಯಾಂಕು ಸಾಲ ಕೊಡದಿದ್ದರೆ ಮುಂಗಡ ಪೂರ್ತಿ, ಇಷ್ಟು ದಿನದೊಳಗೆ, ವಾಪಸ್ ಕೊಡಬೇಕು. ಮಾಮೂಲಿ ಟೈಪಿಂಗ್ ಅಂಗಡಿಯ ಕರಾರಿನಲ್ಲಿ ಇದು ಇರುವುದಿಲ್ಲ. ಕೊಳ್ಳುವವನು ಹಿಂದೆ ಸರಿದರೆ ಮುಂಗಡ ಮುಟ್ಟುಗೋಲು ಅನ್ನುವುದು ಮಾತ್ರ ಚೆನ್ನಾಗಿ ಇರುತ್ತದೆ.

ಅರಸೀಕೆರೆ_ಪ್ಯಾಸೆಂಜರ್ | 27 ಡಿಸೆಂಬರ್ 2025, ಸಂಜೆ 7:00

ಸಾಲ ಮಂಜೂರಾಯಿತು! 43 ಲಕ್ಷ, 20 ವರ್ಷ. ಈ ತಿಂಗಳು ರೆಪೋ ಮತ್ತೆ ಇಳಿದು 5.25 ಆಯಿತಲ್ಲ, ಅದರಿಂದ ಶೇ. 7.5ಕ್ಕೆ ಸಿಕ್ಕಿತು. ಕಂತು 34,640. ಪಾಸ್‌ಬುಕ್ ಸರ್ ಹೇಳಿದ ಗೆರೆಯೊಳಗೇ ಇದೆ. ಕೈಯಿಂದ 11 ಲಕ್ಷ, ರಿಜಿಸ್ಟ್ರೇಷನ್‌ಗೆ 4 ಲಕ್ಷ 10 ಸಾವಿರ, ಇತರೆ ಖರ್ಚು ಐವತ್ತು ಸಾವಿರದ ಹತ್ತಿರ. ಕೊನೆಗೆ ಅಪ್ಪನೇ ಕೊಬ್ಬರಿ ಮಾರಿದ ದುಡ್ಡು 1.5 ಲಕ್ಷ ಕಳಿಸಿದರು. ಶೂಲ ಅಂದವರು!

ಒಂದು ಅನುಮಾನ. ಮಂಜೂರಾತಿ ಪತ್ರದಲ್ಲಿ 43 ಲಕ್ಷ ಇದೆ, ಸಾಲದ ಮೊತ್ತ ಮಾತ್ರ 44.7 ಲಕ್ಷ ಅಂತ ಇನ್ನೊಂದು ಕಡೆ ಬರೆದಿದ್ದಾರೆ. ಕೇಳಿದರೆ "ಇನ್ಶೂರೆನ್ಸ್ ಸರ್, ಎಲ್ಲರಿಗೂ ಇರುತ್ತೆ" ಅಂದರು.

ರೆಪೋ_ಬಲಿ | 27 ಡಿಸೆಂಬರ್, ಸಂಜೆ 7:20

ತೆಗೆಸಿ! ನನಗೂ ಹೀಗೇ 1.8 ಲಕ್ಷ ಸೇರಿಸಿದ್ದರು. ಅದಕ್ಕೂ 20 ವರ್ಷ ಬಡ್ಡಿ ಕಟ್ಟುತ್ತಿದ್ದೇನೆ. ಅವರ ಪಾಲಿಸಿ ತೆಗೆದುಕೊಳ್ಳಲೇಬೇಕು ಅಂತ ಯಾವ ಕಾನೂನೂ ಇಲ್ಲ. ನಿಮ್ಮ ಜೀವಕ್ಕೆ ಟರ್ಮ್ ಇನ್ಶೂರೆನ್ಸ್ ಖಂಡಿತ ಇರಲಿ, ಸಾಲಕ್ಕಿಂತ ಜಾಸ್ತಿ ಮೊತ್ತಕ್ಕೇ ಇರಲಿ, ಆದರೆ ನೀವೇ ನೋಡಿ ಹೊರಗೆ ತೆಗೆದುಕೊಳ್ಳಿ. ಬ್ಯಾಂಕಿನ ಆ ಯುವಕನಿಗೆ ಟಾರ್ಗೆಟ್ ಇರುತ್ತದೆ ಪಾಪ, ಅದನ್ನು ನಾವು ತುಂಬಿಸಬೇಕಾಗಿಲ್ಲ.

ನಿವೃತ್ತ_ಪಾಸ್‌ಬುಕ್ | 27 ಡಿಸೆಂಬರ್, ರಾತ್ರಿ 8:05

"ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಿ" ಅಂತ ಕೇಳಿ. 2024ರ ಅಕ್ಟೋಬರ್‌ನಿಂದ ಕೊಡುವುದು ಕಡ್ಡಾಯ. ಬಡ್ಡಿ, ಶುಲ್ಕ, ಇನ್ಶೂರೆನ್ಸ್, ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತದೆ ಅಂತ ಅದರಲ್ಲಿ ಇರಬೇಕು. ಇನ್ಶೂರೆನ್ಸ್ ಬೇಡ ಅಂತ ಇಮೇಲ್‌ನಲ್ಲಿ ಬರೆಯಿರಿ. ಬಾಯಲ್ಲಿ ಹೇಳಿದ್ದು ಬ್ಯಾಂಕಿನಲ್ಲಿ ಯಾರಿಗೂ ನೆನಪಿರುವುದಿಲ್ಲ, ನಾನೂ ಅದೇ ಜಾತಿ.

ಅರಸೀಕೆರೆ_ಪ್ಯಾಸೆಂಜರ್ | 8 ಜನವರಿ 2026, ರಾತ್ರಿ 9:10

ಇಮೇಲ್ ಹಾಕಿದ ಮರುದಿನವೇ ಇನ್ಶೂರೆನ್ಸ್ ತೆಗೆದರು. ಕಾವೇರಿಯಲ್ಲಿ ಸ್ಲಾಟ್ ಸಿಕ್ಕಿದೆ, ಮುಂದಿನ ವಾರ ರಿಜಿಸ್ಟ್ರೇಷನ್. ಸಂಕ್ರಾಂತಿ ಮುಗಿದ ಮೇಲೆ ಹಾಲು ಉಕ್ಕಿಸುತ್ತೇವೆ. ಎಲ್ಲರಿಗೂ ತುಂಬಾ ಧನ್ಯವಾದ.

ಕಡತ_ಕಂಡವರು | 8 ಜನವರಿ, ರಾತ್ರಿ 9:25

ತುಂಬಾ ಸಂತೋಷ. ಟಿಡಿಎಸ್ ಹಿಡಿದುಕೊಂಡಿದ್ದೀರಲ್ವಾ?

ಅರಸೀಕೆರೆ_ಪ್ಯಾಸೆಂಜರ್ | 8 ಜನವರಿ, ರಾತ್ರಿ 9:26

ಯಾವ ಟಿಡಿಎಸ್?

ಕಡತ_ಕಂಡವರು | 8 ಜನವರಿ, ರಾತ್ರಿ 9:41

50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮನೆ ಕೊಂಡರೆ, ಕೊಳ್ಳುವವರು ಶೇ. 1 ತೆರಿಗೆ ಹಿಡಿದುಕೊಂಡು ಮಾಲೀಕರ ಪ್ಯಾನ್‌ಗೆ ಕಟ್ಟಬೇಕು. ನಿಮ್ಮದು 54,000. ಮಾಲೀಕರು ಇಬ್ಬರು, ಪಾಲು ಹಂಚಿದರೆ ಒಬ್ಬೊಬ್ಬರದು 27 ಲಕ್ಷ ಅನ್ನುವ ಜಾಣತನ 2024ರ ಅಕ್ಟೋಬರ್‌ನಿಂದ ನಡೆಯುವುದಿಲ್ಲ, ಒಟ್ಟು ಬೆಲೆಯನ್ನೇ ನೋಡುತ್ತಾರೆ. ಬ್ಯಾಂಕು ತನ್ನ 43 ಲಕ್ಷ ಪೂರ್ತಿ ಕೊಟ್ಟುಬಿಡುತ್ತದೆ. ಹಾಗಾಗಿ ನೀವು ಕೈಯಿಂದ ಕೊಡುವ 11 ಲಕ್ಷದಲ್ಲೇ ಇದನ್ನು ಹಿಡಿಯಬೇಕು. ಎಷ್ಟು ಕೊಟ್ಟಿದ್ದೀರಿ ಈಗ?

ಅರಸೀಕೆರೆ_ಪ್ಯಾಸೆಂಜರ್ | 8 ಜನವರಿ, ರಾತ್ರಿ 9:50

ಮುಂಗಡ 5 ಲಕ್ಷ ಈ ತಿಂಗಳೇ ಕೊಟ್ಟಿದ್ದು. 6 ಲಕ್ಷಕ್ಕೆ ಡಿಡಿ ನಾಳೆ ಮಾಡಿಸಬೇಕು ಅಂತಿದ್ದೆ. ದೇವರು ದೊಡ್ಡವನು.

ಕಡತ_ಕಂಡವರು | 8 ಜನವರಿ, ರಾತ್ರಿ 10:02

ಹಾಗಾದರೆ ಡಿಡಿ 5,46,000ಕ್ಕೆ ಮಾಡಿಸಿ. ಮಾಲೀಕರಿಗೆ ಈಗಲೇ ಫೋನ್ ಮಾಡಿ ಹೇಳಿ, ರಿಜಿಸ್ಟ್ರಾರ್ ಕಚೇರಿಯಲ್ಲಿ ಜಗಳ ಬೇಡ. ಅವರ ದುಡ್ಡು ಎಲ್ಲೂ ಹೋಗುವುದಿಲ್ಲ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಸಿಗುತ್ತದೆ. 26ಕ್ಯೂಬಿ ಅಂತ ಫಾರಂ. ಹಿಡಿದ ತಿಂಗಳು ಮುಗಿದ 30 ದಿನದೊಳಗೆ ಕಟ್ಟಿ, ಆಮೇಲೆ ದಿನಕ್ಕೆ 200 ದಂಡ. ಕ್ರಯಪತ್ರದಲ್ಲಿ ನಿಮ್ಮಿಬ್ಬರ ಹೆಸರೂ ಇದೆಯಾ?

ಅರಸೀಕೆರೆ_ಪ್ಯಾಸೆಂಜರ್ | 8 ಜನವರಿ, ರಾತ್ರಿ 10:04

ಇದೆ, ಇಬ್ಬರದೂ.

ಕಡತ_ಕಂಡವರು | 8 ಜನವರಿ, ರಾತ್ರಿ 10:06

ಕೊಳ್ಳುವವರು ಇಬ್ಬರು, ಮಾರುವವರು ಇಬ್ಬರು. ನಾಲ್ಕು ಫಾರಂ ತುಂಬಬೇಕು. ಒಂದೊಂದಕ್ಕೂ 13,500.

ಬಾಡಿಗೆ_ಬಾಳು | 8 ಜನವರಿ, ರಾತ್ರಿ 10:11

ನಾನು ಈಗಲೂ ಏನೂ ಹೇಳಲ್ಲ. ಗೃಹಪ್ರವೇಶದ ಊಟಕ್ಕೆ ಮಾತ್ರ ಕರೆಯಿರಿ.

ಅರಸೀಕೆರೆ_ಪ್ಯಾಸೆಂಜರ್ | 8 ಜನವರಿ, ರಾತ್ರಿ 10:30

ಮಾಲೀಕರ ಜೊತೆ ಮಾತಾಡಿದೆ. ಅವರಿಗೆ ಇದು ಗೊತ್ತಿತ್ತಂತೆ, "ನೀವೇ ಕೇಳ್ತೀರೇನೋ ಅಂತ ಸುಮ್ನಿದ್ವಿ" ಅಂದರು. ಇಬ್ಬರ ಪ್ಯಾನ್ ನಂಬರೂ ಕಳಿಸಿದ್ದಾರೆ. ಮೊದಲನೇ ಫಾರಂ ತೆರೆದು ಕೂತಿದ್ದೇನೆ. ಮನೆಯಾಕೆ ಪಕ್ಕದಲ್ಲಿ ಮತ್ತೆ ಕರ್ಟನ್ ನೋಡುತ್ತಿದ್ದಾಳೆ, ಹಳೆಯ ಬಣ್ಣ ಈ ಮನೆಯ ಗೋಡೆಗೆ ಹೊಂದುವುದಿಲ್ಲವಂತೆ.